ಹೆತ್ತ ಮಗಳನ್ನ ಮತ್ತೆ ಹೆರಕ್ಕಾಗುತ್ತಾ? – ಸಾತಳ್ಳಿ ದೊಡ್ಡ ಸ್ವಾಮಿಗಳ ಕತೆ

ಈ ಸಲ ಅಡುಗೆ ಮನೆ ಬಿಟ್ಟು ಸ್ವಲ್ಪ ಹಳೇ ಕಾಲದ ಕಡೆ ಹೋಗಣ ಅಂತ. ನಮ್ಮ ಕಡೆ ಇತಿಹಾಸ ಅಂದ್ರೆ ಮೊದ್ಲು ನೆನಪಾಗೋದು ಮಂಜರಾಬಾದ್ ಕೋಟೆ. ಮನೆಗೆ ನೆಂಟರು ಬಂದ್ರೆ ಮಕ್ಳನ್ನೆಲ್ಲ ಕರ್ಕಂಡು ಹೋಗಿ, ಮೆಟ್ಲು ಹತ್ತಿ, ಎಂಟು ಮೂಲೆ ನಕ್ಷತ್ರದ ಥರ ಕಟ್ಟವ್ರೆ ನೋಡಿ ಅಂತ ತೋರ್ಸಿ, ಮಂಜು ಮುಸುಕಿದ್ರೆ ಏನೂ ಕಾಣದೆ ವಾಪಸ್ ಬರ್ತೀವಿ. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು ಅಂತ ಸ್ಕೂಲಿಗೆ ಹೋಗೋ ಮಕ್ಳೂ ಹೇಳ್ತಾವೆ. ಯಾರು ಯಾರನ್ನ ಗೆದ್ರು, ಯಾರು ಯಾರ ಕೋಟೆ ಹಿಡಿದ್ರು ಅನ್ನೋದು ಪುಸ್ತಕದಲ್ಲಿ ಬೇಕಾದಷ್ಟಿದೆ. ಹೊರಗೆ ಹೋದೋರನ್ನ ಯಾರು ಮತ್ತೆ ಮನೆಯೊಳಗೆ ಕರ್ಕಂಡ್ರು ಅನ್ನೋದು ಮಾತ್ರ ಅಷ್ಟಾಗಿ ಸಿಗಲ್ಲ. ನಮ್ಮ ಹಾಸನದ ಪಕ್ಕದಲ್ಲೇ ಅಂಥ ಒಂದು ಕತೆ ಇದೆ. ಅದನ್ನ ಬರೀತೀನಿ.

ನಮ್ಮ ಸಕಲೇಶಪುರ, ಆಲೂರು ಕಡೆ ಕ್ರೈಸ್ತರು ನಮಗೇನು ಹೊಸಬರಲ್ಲ. ತೋಟದ ಲೈನ್ ಮನೆಗಳಲ್ಲಿ ಇದ್ದಾರೆ, ಪೇಟೇಲಿ ಇದ್ದಾರೆ. ಕಾಫಿ ಕುಯ್ಲಲ್ಲಿ ಪಕ್ಕದ ಸಾಲಲ್ಲೇ ನಿಂತು ಹಣ್ಣು ಕುಯ್ತಾರೆ. ಕ್ರಿಸ್‌ಮಸ್ಸಿಗೆ ಮಂಗಳೂರು ಕಡೆಯೋರ ಮನೆಯಿಂದ ಕುಸ್ವಾರ್ ತಟ್ಟೆ ನಮ್ಮನೆಗೂ ಬರುತ್ತೆ, ಯುಗಾದಿಗೆ ನಮ್ಮನೆ ಒಬ್ಬಟ್ಟು ಅವ್ರ ಮನೆಗೂ ಹೋಗುತ್ತೆ. ಆದ್ರೆ ಅವ್ರ ಹಿಂದಿನೋರು ಏನೇನು ಕಂಡು ಬಂದ್ರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅವ್ರ ಬೂದಿ ಬುಧವಾರದ ದಿನ ಹಣೇಲಿ ಬೂದಿ ಗುರ್ತು ಇಟ್ಕಂಡು ಬರೋದನ್ನ ನೋಡಿದೀವಿ. ಅಲ್ಲಿಂದ ನಲವತ್ತು ದಿನ ತಪಸ್ಸುಕಾಲ, ಕೆಲವರು ಮೀನು ಮಾಂಸ ಮುಟ್ಟಲ್ಲ. ಆ ದಿನಕ್ಕೂ ಈ ಕತೆಗೂ ಒಂದು ಸಂಬಂಧ ಇದೆ.

ಮೈಸೂರು ಸೀಮೆಗೆ ಕ್ರೈಸ್ತ ಧರ್ಮ ಬಂದಿದ್ದು ಬ್ರಿಟಿಷರ ಜೊತೆ ಅಂತ ನಾವೆಲ್ಲ ಅಂದ್ಕಂಡಿರ್ತೀವಿ. ಹಾಗಲ್ಲ. 17ನೇ ಶತಮಾನದ ಮಧ್ಯದಲ್ಲೇ ಲಿಯೊನಾರ್ಡೊ ಚಿನ್ನಾಮಿ ಅನ್ನೋ ಇಟಲಿಯ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲ್ತು ಕೆಲಸ ಶುರು ಮಾಡಿದ್ರು. ಇತ್ಲಾಗೆ ಘಟ್ಟದ ಕೆಳಗೆ ಮಂಗಳೂರು, ಬಂಟ್ವಾಳದ ಕಡೆ ಗೋವೆಯಿಂದ ಬಂದು ನೆಲೆಸಿದ್ದ ಕೊಂಕಣಿ ಮಾತಾಡೋ ಕ್ರೈಸ್ತರಿದ್ರು. ಗದ್ದೆ ತೋಟ ಮಾಡ್ಕಂಡು ಚೆನ್ನಾಗೇ ಇದ್ರು.

1784ರಲ್ಲಿ ಟಿಪ್ಪುವಿಗೂ ಇಂಗ್ಲಿಷರಿಗೂ ಮಂಗಳೂರಿನ ಯುದ್ಧ ಮುಗೀತಾ ಬಂದಿತ್ತು. ಕರಾವಳಿ ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದ್ರು ಅನ್ನೋ ಸಿಟ್ಟು ಟಿಪ್ಪುವಿಗೆ. ಆ ವರ್ಷ ಬೂದಿ ಬುಧವಾರದ ದಿನ ಊರೂರಲ್ಲಿ ಕ್ರೈಸ್ತರನ್ನ ಹಿಡಿಸಿದ. ಆಸ್ತಿ ಜಪ್ತಿ ಆಯ್ತು, ಚರ್ಚುಗಳನ್ನ ಕೆಡವಿದ್ರು. ಗಂಡಸರು, ಹೆಂಗಸರು, ಮುದುಕರು, ಕೈಗೂಸು ಎಲ್ಲ ಸೇರ್ಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ್ರು. ಎಷ್ಟು ಜನ ಅನ್ನೋದಕ್ಕೆ ಒಬ್ಬೊಬ್ರು ಒಂದೊಂದು ಲೆಕ್ಕ ಹೇಳ್ತಾರೆ, 30,000 ಅನ್ನೋರೂ ಇದ್ದಾರೆ, 80,000 ಅನ್ನೋರೂ ಇದ್ದಾರೆ. ನಮ್ಮ ಘಟ್ಟದ ದಾರಿ ಹೆಂಗಿರುತ್ತೆ ಅಂತ ನಿಮಗೇ ಗೊತ್ತು. ಈಗ ಬಸ್ಸಲ್ಲಿ ಕೂತು ಶಿರಾಡಿ ಹತ್ತಿದ್ರೇ ತಲೆ ಸುತ್ತುತ್ತೆ. ಆವಾಗ ಕಾಡು, ಜಿಗಣೆ, ಹೊಳೆ. ಸೊಂಟದ ಮೇಲೊಂದು ಕೂಸು, ಹೊಟ್ಟೇಲೊಂದು ಕೂಸು ಇಟ್ಕಂಡು ನಡೆದ ಹೆಂಗಸರು ಎಷ್ಟೋ ಜನ ಇದ್ದಿರಬೇಕು. ದಾರೀಲೇ ತುಂಬಾ ಜನ ಸತ್ರು.

ಬದುಕಿ ಉಳಿದೋರನ್ನ ಅಲ್ಲಿ ಬಲವಂತದಿಂದ ಮತ ಬದಲಾಯಿಸಿದ್ರು. ಹೆಸರು ಬದಲಾಯ್ತು, ಉಡೋ ಬಟ್ಟೆ ಬದಲಾಯ್ತು, ಮಾಡೋ ಪ್ರಾರ್ಥನೆ ಬದಲಾಯ್ತು. ಗಂಡಸರನ್ನ ದಂಡಿಗೆ ಸೇರ್ಸಿಕೊಂಡ್ರು. ಇದು 15 ವರ್ಷ ನಡೀತು. ಒಂದ್ಸಲ ಯೋಚನೆ ಮಾಡಿ. ಐದು ವರ್ಷದ ಹುಡುಗಿ ಅವ್ವನ ಕೈ ಹಿಡ್ಕಂಡು ಘಟ್ಟ ಹತ್ತಿದ್ರೆ, ಎಲ್ಲ ಮುಗಿಯೋ ಹೊತ್ತಿಗೆ ಅವಳಿಗೆ ಇಪ್ಪತ್ತು, ಅವಳ ಮಡಿಲಲ್ಲೇ ಒಂದು ಮಗು.

ಇಲ್ಲೊಂದು ಮಾತು ಹೇಳ್ಬಿಡ್ತೀನಿ. ಟಿಪ್ಪು ಅಂದ ಕೂಡ್ಲೆ ಈಗ ಜನ ಎರಡು ಕಡೆ ಆಗ್ತಾರೆ. ಇದೇ ಟಿಪ್ಪು, 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠ ಲೂಟಿ ಮಾಡ್ದಾಗ ಮಠಕ್ಕೆ ದುಡ್ಡು ಕಾಸು ಕೊಟ್ಟು, ಸ್ವಾಮಿಗಳಿಗೆ ಗೌರವದಿಂದ ಕಾಗದ ಬರೆದಿದ್ದೂ ನಿಜ. ಅದು ನಿಜ ಅಂತ ಇದು ಸುಳ್ಳಾಗಲ್ಲ, ಇದು ನಿಜ ಅಂತ ಅದು ಸುಳ್ಳಾಗಲ್ಲ. 230 ವರ್ಷದ ಹಿಂದಿನ ಒಬ್ಬ ರಾಜನ ಕೆಲಸಕ್ಕೆ ಇವತ್ತಿನ ಪಕ್ಕದ ಮನೆ ಸಾಬರ ಹೆಂಗಸಿನ ಮುಖ ನೋಡದೆ ಹೋಗೋದು ನನಗೆ ಸರಿ ಕಾಣಲ್ಲ. ನಾನು ಹೇಳ್ಬೇಕು ಅಂತಿರೋದೂ ಹಗೆ ಬಗ್ಗೆ ಅಲ್ಲ.

1799ರ ಮೇ 4ನೇ ತಾರೀಖು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಸೆರೆಯಲ್ಲಿದ್ದೋರಿಗೆ ಬಿಡುಗಡೆ. ಕೇಳಕ್ಕೆ ಸಂತೋಷದ ಸಮಾಚಾರ. ಆದ್ರೆ ಅವ್ರ ಕಷ್ಟ ಬೇರೆ ಥರ ಶುರುವಾಗಿದ್ದೇ ಅವತ್ತು. ಎಲ್ಲಿಗೆ ಹೋಗೋದು? ಮನೆ ಇಲ್ಲ, ಗದ್ದೆ ಇಲ್ಲ. ಅದಕ್ಕಿಂತ ಹೆಚ್ಚಾಗಿ ಮನಸ್ಸಲ್ಲಿ ಒಂದು ಹುಳ ಕೊರೀತಿತ್ತು. ಪ್ರಾಣ ಹೋದ್ರೂ ದೇವರನ್ನ ಬಿಡಬಾರದು ಅಂತ ಕಲ್ತಿದ್ದ ಜನ ಅವ್ರು. ಪ್ರಾಣಕ್ಕೆ ಹೆದರಿ ಬಿಟ್ಟಿದ್ರು. ಈಗ ಯಾವ ಮುಖ ಹೊತ್ಕಂಡು ಆ ದೇವರ ಬಾಗಿಲಿಗೆ ಹೋಗೋದು?

ಅವಾಗ ಬಂದೋರು ಅಬ್ಬೆ ದ್ಯುಬುವಾ. ಫ್ರಾನ್ಸ್ ದೇಶದ ಪಾದ್ರಿ. 1792ರಲ್ಲಿ, ಅಲ್ಲಿ ಕ್ರಾಂತಿ ನಡೀತಿದ್ದಾಗ, ಊರು ಬಿಟ್ಟು ಬಂದೋರು. ಮೊದಲಿದ್ದ ಜೆಸ್ವಿಟ್ ಸಂಘವನ್ನ 1773ರಲ್ಲಿ ಪೋಪರೇ ಮುಚ್ಚಿಸಿದ್ರಿಂದ ಈ ಸೀಮೆಯ ಕೆಲಸ ಪ್ಯಾರಿಸ್ಸಿನ ಸಂಘದ ಕೈಗೆ ಬಂದಿತ್ತು, ಇವ್ರು ಅದಕ್ಕೆ ಸೇರಿದೋರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಚೆಲ್ಲಾಪಿಲ್ಲಿ ಆಗಿದ್ದ ಕ್ರೈಸ್ತರನ್ನ ಒಟ್ಟು ಸೇರಿಸಕ್ಕೆ ಅಂತ ಮೈಸೂರಿಗೆ ಬಂದ್ರು. ಕರ್ನಲ್ ವೆಲ್ಲೆಸ್ಲಿಯೇ ಇವ್ರ ಹೆಸರು ಹೇಳಿದ್ದು ಅಂತಾರೆ. ನಮ್ಮ ಜನದ ಥರಾನೇ ಬಟ್ಟೆ ಉಟ್ಟು, ತಲೆಗೆ ರುಮಾಲು ಸುತ್ತಿ, ಮಾಂಸ ಬಿಟ್ಟು, ಜನ ಏನು ಉಣ್ತಾರೋ ಅದನ್ನೇ ಉಂಡ್ಕಂಡಿದ್ರು. ಅದಕ್ಕೇ ಜನ ಅವ್ರನ್ನ ದೊಡ್ಡ ಸ್ವಾಮಿಯೋರು ಅಂತ ಕರೆದ್ರು. ನಮ್ಮ ಜನರ ರೀತಿ ರಿವಾಜು, ಮಡಿ ಮೈಲಿಗೆ, ಮದುವೆ ತಿಥಿ ಎಲ್ಲದರ ಬಗ್ಗೆ ಅವ್ರು ಬರೆದ ದೊಡ್ಡ ಪುಸ್ತಕ 1816ರಲ್ಲಿ ಇಂಗ್ಲಿಷಿಗೆ ಬಂತು, ಓದಿದೋರು ಈಗಲೂ ಅದರ ಮೇಲೆ ಜಗಳ ಆಡ್ತಾರೆ. ಅವ್ರು ಬರೆದಿದ್ದೆಲ್ಲ ಸರಿ ಅಂತ ನಾನೂ ಒಪ್ಪಲ್ಲ. ಆದ್ರೆ ಅವ್ರು ಮಾಡಿದ ಕೆಲಸ ಬೇರೆ, ಬರೆದಿದ್ದು ಬೇರೆ.

ದೊಡ್ಡ ಸ್ವಾಮಿಯೋರ ಹತ್ರ ಆ ಜನ ಬಂದ್ರು. ಮೇಲ್ನೋಟಕ್ಕೆ ಮಾತ್ರ ಬಿಟ್ಟಿದ್ವಿ, ಒಳಗೆ ಮನಸ್ಸಲ್ಲಿ ನಮ್ಮ ದೇವರೇ ಇದ್ದ ಅಂತ ಹೇಳ್ಕಂಡ್ರು. ಹೀಗೆ ತಮ್ಮ ಹತ್ರ ಬಂದೋರು ಸುಮಾರು 2,000 ಜನ ಅಂತ ದ್ಯುಬುವಾ ಆಮೇಲೆ ಬರೆದಿದ್ದಾರೆ. ಮಂಗಳೂರು ಕಡೆಗೆ ಹತ್ತಿರ ಹತ್ತಿರ 20,000 ಜನ ವಾಪಸ್ ಹೋಗಿ ಬಿದ್ದ ಚರ್ಚುಗಳನ್ನ ಮತ್ತೆ ಕಟ್ಟಿಕೊಂಡ್ರು ಅಂತಾನೂ ಬರೆದಿದ್ದಾರೆ. ಇನ್ನು ಕೆಲವರು ಮೊದ್ಲೇ ಕೊಡಗಿನ ಕಡೆ ತಪ್ಪಿಸಿಕೊಂಡು ಹೋಗಿದ್ರು. ಅವ್ರಿಗೆ ಅಲ್ಲಿನ ರಾಜ ದೊಡ್ಡ ವೀರರಾಜೇಂದ್ರ 1792ರಲ್ಲಿ ವಿರಾಜಪೇಟೇಲಿ ಜಾಗ ಕೊಟ್ಟ, ಅಲ್ಲೇ ಸಂತ ಅನ್ನಮ್ಮನ ಚರ್ಚು ಆಯ್ತು. ತಾನು ಶಿವಭಕ್ತ, ಜಾಗ ಕೊಟ್ಟಿದ್ದು ಕ್ರೈಸ್ತರಿಗೆ. ಅದೂ ಮರೆಯೋ ಮಾತಲ್ಲ.

ಹಂಗೆ ಬಂದೋರನ್ನ ಒಳಗೆ ಸೇರಿಸೋದು ಹೆಂಗೆ? ಅವ್ರ ಧರ್ಮದಲ್ಲಿ ಇದಕ್ಕೊಂದು ಕ್ರಮ ಇದೆ. ಗುರುಗಳ ಹತ್ರ ಕೂತು ಪಾಪನಿವೇದನೆ ಮಾಡ್ಬೇಕು, ಅಂದ್ರೆ ನಡೆದಿದ್ದನ್ನ ಬಾಯಿಬಿಟ್ಟು ಹೇಳ್ಬೇಕು. ಅವ್ರು ಹೇಳಿದ ಪ್ರಾಯಶ್ಚಿತ್ತ ಮಾಡ್ಬೇಕು. ಆಮೇಲೆ ಬಲಿಪೂಜೇಲಿ ಎಲ್ರ ಜೊತೆ ಪ್ರಸಾದ ತಗಳೋದು. ಅಷ್ಟೇ. ನನ್ನ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು. ಜ್ಞಾನಸ್ನಾನ ಮತ್ತೆ ಮಾಡಿಸೋ ಹಂಗಿಲ್ಲ! ಮಗುವಾಗಿದ್ದಾಗ ಒಂದು ಸಲ ತಲೆ ಮೇಲೆ ನೀರು ಹಾಕಿ ಮಾಡಿದ್ದು ಯಾವತ್ತೂ ಅಳಿಸಿ ಹೋಗಲ್ಲ ಅನ್ನೋದು ಅವ್ರ ನಂಬಿಕೆ. ಮಧ್ಯೆ ಏನೇ ಆಗಿರಲಿ, ಎಷ್ಟೇ ದೂರ ಹೋಗಿರಲಿ, ವಾಪಸ್ ಬಂದಾಗ ಅವ್ರು ಹೊಸಬರಲ್ಲ, ಮನೆಯೋರೇ. ಸೆರೆಯಲ್ಲಿ ಹುಟ್ಟಿದ ಮಕ್ಕಳಿಗೆ ಮಾತ್ರ ಜ್ಞಾನಸ್ನಾನ, ಅವ್ರಪ್ಪ ಅವ್ವಂದಿರಿಗೆ ಇಲ್ಲ. ನಮ್ಮ ಹೆಂಗಸರ ಮಾತಲ್ಲಿ ಹೇಳೋದಾದ್ರೆ, ಹೆತ್ತ ಮಗಳನ್ನ ಮತ್ತೆ ಹೆರಕ್ಕಾಗುತ್ತಾ? ಒಂದ್ಸಲ ಹೆತ್ತ ಮೇಲೆ ಮಗಳೇ. ಕೋಪ ಬಂದ್ರೂ ಮಗಳೇ, ಬೈದ್ರೂ ಮಗಳೇ.

ಈ ಪ್ರಶ್ನೆ ಅವ್ರಿಗೆ ಆವತ್ತೇ ಮೊದಲ್ನೇ ಸಲ ಬಂದಿದ್ದೂ ಅಲ್ಲ. ಅವ್ರ ಧರ್ಮ ಇನ್ನೂ ಎಳೇದಾಗಿದ್ದಾಗ, ಕ್ರಿ.ಶ. 250ರಲ್ಲಿ, ಡೇಸಿಯಸ್ ಅನ್ನೋ ರೋಮಿನ ಚಕ್ರವರ್ತಿ ಎಲ್ರೂ ರೋಮಿನ ದೇವತೆಗಳಿಗೆ ಬಲಿ ಕೊಡ್ಬೇಕು, ಕೊಟ್ಟೆ ಅಂತ ಚೀಟಿ ಬರೆಸ್ಕಬೇಕು ಅಂತ ಆಜ್ಞೆ ಹೊರಡಿಸಿದ. ಕೆಲವರು ಇಲ್ಲ ಅಂದು ಪ್ರಾಣ ಬಿಟ್ರು. ಬಹಳ ಜನ ಹೆದರಿ ಬಲಿ ಕೊಟ್ರು. ಇನ್ನು ಕೆಲವರು ಬುದ್ಧಿವಂತರು, ಬಲಿ ಕೊಡದೇನೇ ದುಡ್ಡು ಕೊಟ್ಟು ಚೀಟಿ ಮಾಡಿಸ್ಕಂಡ್ರು. ಆ ಕಾಲದಲ್ಲೂ ಇತ್ತು ನೋಡಿ ಇದೆಲ್ಲ! ಗಲಾಟೆ ತಣ್ಣಗಾದ ಮೇಲೆ ಇವ್ರೆಲ್ಲ ಅಳ್ತಾ ವಾಪಸ್ ಬಂದ್ರು. ಆಗ ದೊಡ್ಡ ಜಗಳ. ರೋಮಿನ ನೊವೇಶಿಯನ್ ಅನ್ನೋ ಪಾದ್ರಿ, ಇಂಥೋರನ್ನ ಸೇರಿಸಬಾರದು, ಸೇರ್ಸಿದ್ರೆ ಪ್ರಾಣ ಕೊಟ್ಟೋರಿಗೆ ಏನು ಬೆಲೆ ಅಂತ ಹಟ ಹಿಡಿದು ಬೇರೇನೇ ಹೋದ. ಆಫ್ರಿಕಾದ ಕಾರ್ತೇಜ್ ಊರಿನ ಬಿಷಪ್ ಸಿಪ್ರಿಯನ್ ಮಧ್ಯದ ದಾರಿ ಹಿಡಿದ್ರು. ಚೀಟಿ ಮಾತ್ರ ತಗೊಂಡೋರಿಗೆ ಬೇಗ, ಬಲಿ ಕೊಟ್ಟೋರಿಗೆ ಹೆಚ್ಚು ದಿನದ ಪ್ರಾಯಶ್ಚಿತ್ತ, ಆದ್ರೆ ಯಾರಿಗೂ ಬಾಗಿಲು ಪೂರ್ತಿ ಮುಚ್ಚಬಾರದು ಅಂದ್ರು. ಆಮೇಲೆ ಮತ್ತೆ ಹಿಂಸೆ ಬರೋ ಸೂಚನೆ ಕಾಣಿಸಿದಾಗ, ಪ್ರಾಯಶ್ಚಿತ್ತದಲ್ಲಿದ್ದ ಎಲ್ರನ್ನೂ ಗಡುವು ನೋಡದೆ ಒಳಗೆ ಸೇರಿಸಿಕೊಂಡ್ರು. ಕಷ್ಟ ಬರೋ ಹೊತ್ತಲ್ಲಿ ಅವ್ರು ಮನೆಯೊಳಗಿರ್ಲಿ, ಆವಾಗಲೇ ಧೈರ್ಯ ಬರೋದು ಅನ್ನೋದು ಅದರ ಹಿಂದಿನ ವಿಚಾರ. ಆ ಸಿಪ್ರಿಯನ್ ಕೂಡ ಡೇಸಿಯಸ್ ಕಾಲದಲ್ಲಿ ಬಚ್ಚಿಟ್ಟುಕೊಂಡಿದ್ದೋರೇ. ಆಮೇಲೆ 258ರಲ್ಲಿ ತಲೆ ಕೊಟ್ರು. ಅದಕ್ಕೂ ಹಿಂದೆ ನೋಡಿದ್ರೆ, ಯೇಸುವಿನ ಹತ್ತಿರದ ಶಿಷ್ಯ ಪೇತ್ರನೇ, ಹಿಡಿದುಕೊಂಡು ಹೋದ ರಾತ್ರಿ, ಕೋಳಿ ಕೂಗೋ ಮೊದ್ಲು ಮೂರು ಸಲ ಅವನು ಯಾರೋ ಗೊತ್ತಿಲ್ಲ ಅಂದಿದ್ದೋನು. ಅಂಥೋನ ಕೈಗೇ ಎಲ್ಲ ಒಪ್ಪಿಸಿದ್ದು.

ವರಪ್ರಸಾದ ಅನ್ನೋ ಮಾತು ಅವ್ರ ಪ್ರಾರ್ಥನೇಲಿ ಆಗಾಗ ಬರುತ್ತೆ. ನಾನು ಅದನ್ನ ಸುಮ್ನೆ ಪ್ರಸಾದ ಅಂತಲೇ ತಿಳ್ಕಂಡಿದ್ದೆ. ಲೈನ್ ಮನೆಯ ಒಬ್ಬ ವಯಸ್ಸಾದ ಹೆಂಗಸನ್ನ ಕೇಳಿದಾಗ ಅವ್ರು ಹೇಳಿದ್ದು ಇಷ್ಟು: "ಕೂಲಿ ಅಂದ್ರೆ ಮಾಡಿದ ಕೆಲ್ಸಕ್ಕೆ ಕೊಡೋದು ಕಣವ್ವ. ಇದು ಕೆಲ್ಸ ನೋಡ್ದೆ ಕೊಡೋದು." ಇಷ್ಟು ಸಲೀಸಾಗಿ ನನಗೆ ಯಾವ ಪುಸ್ತಕವೂ ಹೇಳಿಲ್ಲ.

ಈಗ ನಮ್ಮ ಕಡೆಗೆ ಬರ್ತೀನಿ. ಕುಲದಿಂದ ಹೊರಗಿಡೋದು ನಮಗೆ ಗೊತ್ತಿಲ್ಲದ್ದೇನಲ್ಲ. ಹಿಂದೆ ನಮ್ಮ ಅಜ್ಜಿ ಹೇಳೋರು, ಹೊರಗಿಟ್ಟ ಮನೆಗೆ ಒಲೆಗೆ ಬೆಂಕಿ ಕೊಡೋ ಹಂಗಿರಲಿಲ್ಲ, ಬಾವಿ ನೀರು ಸೇದೋ ಹಂಗಿರಲಿಲ್ಲ, ಸಾವಾದ್ರೆ ಹೆಣ ಎತ್ತಕ್ಕೂ ಯಾರೂ ಹೋಗೋ ಹಂಗಿರಲಿಲ್ಲ ಅಂತ. ವಾಪಸ್ ಸೇರ್ಬೇಕಾದ್ರೆ ಪಂಚಾಯ್ತಿ, ದಂಡ, ತಪ್ಪುಕಾಣಿಕೆ. ಅದೂ ಒಂದು ದಾರಿಯೇ, ಬಾಗಿಲು ಇತ್ತು ಅಂತಾಯ್ತು. ಈಗ ಪಂಚಾಯ್ತಿ ಇಲ್ಲ, ದಂಡ ಇಲ್ಲ. ಸಿಟ್ಟು ಮಾತ್ರ ಹಂಗೇ ಇದೆ, ಇಳಿಸಕ್ಕೆ ದಾರಿ ಇಲ್ಲ.

ನಮ್ಮ ಬಳಗದಲ್ಲೇ ಒಂದು ಮನೆ ಇದೆ. ಹೆಸರು ಬೇಡ, ಗೊತ್ತಿರೋರಿಗೆ ಗೊತ್ತಾಗುತ್ತೆ. ಆ ಮನೆ ಮಗಳು ಬೇರೆ ಜಾತಿ ಹುಡುಗನ್ನ ಮದುವೆ ಆಗಿ 19 ವರ್ಷ ಆಯ್ತು. ಅವತ್ತಿಂದ ಲಗ್ನಪತ್ರಿಕೇಲಿ ಅವಳ ಹೆಸರಿಲ್ಲ. ತಂದೆ ಸತ್ತಾಗ ಬಂದಳು. ಜಗಲಿ ಮೇಲೆ ನಿಂತು ನೋಡಿದಳು, ಒಂದು ಲೋಟ ನೀರೂ ಕುಡೀದೆ ಹೋದಳು. ಆಮೇಲೆ ಹಿರಿಯರೊಬ್ರು ಮನಸ್ಸು ಮಾಡಿ ರಾಜಿಗೆ ಕೂತ್ರು. ಮನೆದೇವರಿಗೆ ತಪ್ಪುಕಾಣಿಕೆ ಇಡು, ಎಲ್ರ ಕಾಲಿಗೆ ಬೀಳು ಅಂದ್ರು. ಎರಡೂ ಮಾಡ್ತೀನಿ, ನನ್ನ ಮಗನ್ನೂ ಒಳಗೆ ಬಿಡಿ ಅಂದಳು. ಅದಾಗಲ್ಲ ಅಂದ್ರು. ಮಾತು ಅಲ್ಲಿಗೇ ನಿಂತಿದೆ. ಅವಳು ಮಾಡಿದ್ದು ತಪ್ಪೇ ಅಲ್ಲ ಅನ್ನೋಳು ನಾನು. ಆದ್ರೆ ತಪ್ಪು ಅನ್ನೋರ ಲೆಕ್ಕದಲ್ಲೇ ನೋಡಿದ್ರೂ, ದೇವರನ್ನೇ ಬಿಟ್ಟು ಬಂದ 2,000 ಜನಕ್ಕೆ ಜಾಗ ಆಗಿದ್ದು, ಒಬ್ಬ ಮಗಳಿಗೆ ಆಗಲ್ವಾ? ಅದನ್ನ ನೆನೆಸ್ಕಂಡೇ ದೊಡ್ಡ ಸ್ವಾಮಿಯೋರ ಕತೆ ನನಗೆ ಇಷ್ಟು ತಟ್ಟಿದ್ದು.

ದೊಡ್ಡ ಸ್ವಾಮಿಯೋರು ಬಾಗಿಲು ತೆಗೆದು ಸುಮ್ನಾಗಲಿಲ್ಲ. ಒಳಗೆ ಬಂದೋರು ಉಣ್ಣೋದೇನು? ನೆಲೆ ಇಲ್ಲದ ಕ್ರೈಸ್ತರಿಗೆ ಬೇಸಾಯದ ಊರುಗಳನ್ನ ಮಾಡಿಕೊಟ್ರು. ಅದರಲ್ಲಿ ಮುಖ್ಯವಾದದ್ದೇ ಹಾಸನದ ಹತ್ತಿರದ ಸಾತಳ್ಳಿ. ಉಳಕ್ಕೆ ನೆಲ, ಇರಕ್ಕೆ ಮನೆ. ಮಾಫಿ ಮಾಡಿದೀನಿ ಹೋಗು ಅನ್ನೋದು ಸುಲಭ, ಬಾ ಇಲ್ಲಿ ಕೂತ್ಕ, ಉಣ್ಣು, ನಾಳೆ ಈ ಗದ್ದೆ ಉಳು ಅನ್ನೋದು ಕಷ್ಟ. ಆಗ ಸಿಡುಬು ಬಂದ್ರೆ ಊರಿಗೆ ಊರೇ ಖಾಲಿ ಆಗೋದು. ದನದ ಸಿಡುಬಿನಿಂದ ತೆಗೆದ ದೇವಿ ಹಾಕೋದು 1802ರಲ್ಲಷ್ಟೇ ನಮ್ಮ ದೇಶಕ್ಕೆ ಬಂದಿತ್ತು, ಜನಕ್ಕೆ ಹೆದರಿಕೆ. ದ್ಯುಬುವಾ 1803–04ರಲ್ಲಿ ಕೆಲವೇ ತಿಂಗಳಲ್ಲಿ ಮೈಸೂರು ಸೀಮೇಲಿ 25,000ಕ್ಕೂ ಹೆಚ್ಚು ಜನಕ್ಕೆ ದೇವಿ ಹಾಕಿಸಿದ್ರು. ಅದರಲ್ಲಿ ಕ್ರೈಸ್ತರು ಯಾರು, ಅಲ್ಲದೋರು ಯಾರು ಅಂತ ಸಿಡುಬು ನೋಡಲ್ಲ, ಇವ್ರೂ ನೋಡಲಿಲ್ಲ.

ಅದೇ ವರ್ಷಗಳಲ್ಲಿ ನಮ್ಮ ಬೆಟ್ಟದ ಮೇಲೆ ಏನು ನಡೀತಿತ್ತು ಗೊತ್ತಾ? ಬಲಂ ಸೀಮೆಯ ಐಗೂರಿನ ಪಾಳೇಗಾರ ವೆಂಕಟಾದ್ರಿ ನಾಯಕ ತಿರುಗಿಬಿದ್ದಿದ್ದ. ವೆಲ್ಲೆಸ್ಲಿ ದಂಡು ತಗೊಂಡು ಬಂದು ಕಾಡೆಲ್ಲ ಸೋಸಿ, 1802ರ ಫೆಬ್ರವರೀಲಿ ಅವನನ್ನ ಹಿಡಿದು ನೇಣು ಹಾಕಿಸಿದ. ದ್ಯುಬುವಾ ಹೆಸರು ಹೇಳಿದ ಅಂತಾರಲ್ಲ, ಅದೇ ವೆಲ್ಲೆಸ್ಲಿ. ರಾಜ್ಯದ ಲೆಕ್ಕದಲ್ಲಿ ತಪ್ಪಿದೋನಿಗೆ ಹಗ್ಗ. ಅಲ್ಲಿಂದ ಒಂದೆರಡು ದಿನದ ದಾರಿ ನಡೆದ್ರೆ, ತಪ್ಪಿದೋರಿಗೆ ನೇಗಿಲು. ಎರಡೂ ಒಂದೇ ಕಾಲ, ಒಂದೇ ಸೀಮೆ.

ಈಗ ಈ ಕತೇಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದನ್ನ ಹೇಳ್ತೀನಿ. ದೊಡ್ಡ ಸ್ವಾಮಿಯೋರು ಬಹಳ ಮೃದು ಮನುಷ್ಯ, ಎಲ್ರನ್ನೂ ನಂಬಿ ಬಿಡೋರು ಅಂತ ನೀವು ಅಂದ್ಕಂಡ್ರೆ ತಪ್ಪು. 31 ವರ್ಷ ಇಲ್ಲಿದ್ದು 1823ರಲ್ಲಿ ಫ್ರಾನ್ಸಿಗೆ ವಾಪಸ್ ಹೋದ್ರು. ಅದೇ ವರ್ಷ ಅವ್ರ ಕಾಗದಗಳು ಪುಸ್ತಕವಾಗಿ ಬಂದ್ವು. ಅದರಲ್ಲಿ ಈ ಜನದ ಬಗ್ಗೆ ಖಾರವಾಗೇ ಬರೆದಿದ್ದಾರೆ. ಅಷ್ಟು ಸಾವಿರ ಜನದಲ್ಲಿ ಎದೆ ಕೊಟ್ಟು ನಿಂತೋರು ಇರಲಿಲ್ಲ ಅನ್ನೋ ನೋವು ಅವ್ರಿಗೆ. ಮತ್ತೆ ಅಂಥ ಕಷ್ಟ ಬಂದ್ರೆ ಮತ್ತೆ ಹಿಂಗೇ ಮಾಡಿಯಾರು ಅನ್ನೋ ಅನುಮಾನಾನೂ ಮುಚ್ಚಿಟ್ಟಿಲ್ಲ. ಸೆರೆಯಲ್ಲಿ ಹೆದರಿ ಬದುಕಿದ ಹೆಂಗಸರು ಮಕ್ಕಳಿಗೆ ಅಷ್ಟು ಕಠಿಣ ಮಾತು ಬೇಕಿರಲಿಲ್ಲ ಅಂತ ನನಗನ್ಸುತ್ತೆ. ಕೂಸಿನ ಕತ್ತಿನ ಹತ್ರ ಕತ್ತಿ ಬಂದಾಗ ಯಾವ ತಾಯಿ ತಾನೇ ಏನು ಮಾಡ್ತಾಳೆ?

ಆದ್ರೆ ನೋಡಿ, ಮನಸ್ಸಲ್ಲಿ ಅಷ್ಟು ಅನುಮಾನ ಇಟ್ಕಂಡಿದ್ದೋರೇ ಅವ್ರನ್ನ ಒಳಗೆ ಕರ್ಕಂಡಿದ್ದು. ಇನ್ನೊಂದ್ಸಲ ಹಿಂಗೆ ಮಾಡಲ್ಲ ಅಂತ ಬರೆದುಕೊಡಿ ಅಂತ ಕೂತಿದ್ರೆ ಆ ಬಾಗಿಲು ಯಾವತ್ತೂ ತೆಗೀತಿರಲಿಲ್ಲ. ನಾವು ಮನೆಗಳಲ್ಲಿ ಮಾಡೋದು ಇದನ್ನೇ ಅಲ್ವಾ? ನನ್ನ ಮನಸ್ಸು ಮೊದ್ಲು ತಿಳಿಯಾಗ್ಲಿ, ಆಮೇಲೆ ಮಾತಾಡ್ಸಣ. ಅವ್ರು ಪೂರ್ತಿ ಬದಲಾಗ್ಲಿ, ಆಮೇಲೆ ಕರೆಯಣ. ಮನಸ್ಸು ತಿಳಿಯಾಗೋ ಹೊತ್ತಿಗೆ ಒಬ್ರಲ್ಲ ಒಬ್ರು ಫೋಟೋ ಆಗಿ ಗೋಡೆ ಮೇಲೆ ಇರ್ತಾರೆ. ದೊಡ್ಡ ಸ್ವಾಮಿಯೋರ ಮನಸ್ಸು 24 ವರ್ಷ ಆದ್ರೂ ಪೂರ್ತಿ ತಿಳಿ ಆಗಿರಲಿಲ್ಲ. ಬಾಗಿಲು ಮಾತ್ರ ಮೊದಲ ದಿನವೇ ತೆಗೆದಿತ್ತು.

ಸಾತಳ್ಳಿ ಆದ ಮೇಲೆ ಆ ಸುತ್ತಲ್ಲಿ ಕ್ರೈಸ್ತರ ಊರುಗಳು ಬೆಳೆದ್ವು. 1860ರ ಹೊತ್ತಿಗೆ ಫ್ರೆಂಚ್ ಪಾದ್ರಿಗಳು ಶೆಟ್ಟಿಹಳ್ಳೀಲಿ ಜಪಮಾಲೆ ಮಾತೆಯ ದೊಡ್ಡ ಚರ್ಚು ಕಟ್ಟಿಸಿದ್ರು. ಈಗ ಎಲ್ರೂ ಫೋಟೋ ತೆಗೆಸ್ಕಳಕ್ಕೆ ಹೋಗೋ ಮುಳುಗೋ ಚರ್ಚು ಅದೇ. ನಮ್ಮ ಸಕಲೇಶಪುರದ ಸೇತುವೆ ಕೆಳಗೆ ಹರಿಯೋ ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ಶೆಟ್ಟಿಹಳ್ಳಿ ಮುಳುಗಡೆ ಆಯ್ತು. 1979ರಲ್ಲಿ ಅಣೆಕಟ್ಟು ಮುಗೀತು. ಜನ ಗಂಟು ಮೂಟೆ ಕಟ್ಟಿ ಬೇರೆ ಕಡೆ ಹೋದ್ರು. ಮಳೆಗಾಲದಲ್ಲಿ ಕಂಬಗಳ ಅರ್ಧ ನೀರೊಳಗೆ, ಬೇಸಿಗೇಲಿ ಒಳಗೆ ನಡೆದು ಹೋಗ್ಬಹುದು. ಚಾವಣಿ ಇಲ್ಲ, ಬಾಗಿಲೂ ಇಲ್ಲ. ಹೋದಾಗ ಬರೀ ಫೋಟೋ ತೆಗೆದು ಬರಬೇಡಿ, ಇದರ ಹಿಂದಿನ ಜನದ ಕತೆ ಇಂಥದ್ದು ಅಂತ ಮಕ್ಳಿಗೆ ಒಂದು ಮಾತು ಹೇಳಿ. ಗೋಡೆ ಮೇಲೆ ಹೆಸರು ಕೆತ್ತಬೇಡಿ ಅಂತಾನೂ ಹೇಳಿ.

ಈಗ ಹಾಸನ ಜಿಲ್ಲೆಯ ಕಥೋಲಿಕ ಚರ್ಚುಗಳೆಲ್ಲ 1963ರಲ್ಲಿ ಆದ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರುತ್ವೆ. ದೊಡ್ಡ ಸ್ವಾಮಿಯೋರು 1848ರಲ್ಲಿ ಫ್ರಾನ್ಸಿನಲ್ಲೇ ತೀರಿಕೊಂಡ್ರು. ಅವ್ರ ಕಾಲದ ಆ ಜನದ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತು ನಮ್ಮ ಜೊತೆ ಬಸ್ಸಲ್ಲಿ ಕೂತಿರ್ತಾರೆ, ಸಂತೇಲಿ ಸೊಪ್ಪು ಆರಿಸ್ತಿರ್ತಾರೆ. ಆವತ್ತು ಯಾರು ಗಟ್ಟಿಯಾಗಿ ನಿಂತಿದ್ರು, ಯಾರು ಹೆದರಿ ಬಗ್ಗಿದ್ರು ಅಂತ ಇವತ್ತು ಯಾರ ಮುಖದ ಮೇಲೂ ಬರೆದಿಲ್ಲ. ಒಳಗೆ ಸೇರಿಸ್ಕಂಡಿದ್ದಕ್ಕೇ ಆ ಗುರ್ತು ಅಳಿಸಿ ಹೋಗಿದ್ದು. ಹೊರಗೇ ನಿಲ್ಸಿದ್ರೆ ಏಳು ತಲೆಮಾರಿಗೂ ಹಂಗೇ ಉಳೀತಿತ್ತು.

ಬರೋ ತಿಂಗಳು ಗೌರಿ ಹಬ್ಬ. ತವರಿಂದ ಹೆಣ್ಣುಮಕ್ಕಳಿಗೆಲ್ಲ ಬಾಗಿನ ಹೋಗುತ್ತೆ. 19 ವರ್ಷದಿಂದ ಬಾಗಿನ ಹೋಗದೇ ಇರೋ ಒಂದು ಮನೆ ಅಡ್ರೆಸ್ಸು ನಮ್ಮ ಬಳಗದ ಹೆಂಗಸರಿಗೆಲ್ಲ ಗೊತ್ತು. ಆ ತಾಯಿಗೆ ಈಗ 82. ಮರ, ಅರಿಶಿನ ಕುಂಕುಮ, ಬಳೆ, ರವಿಕೆ ಬಟ್ಟೆ, ಒಂದು ಸೇರು ಅಕ್ಕಿ, ತೆಂಗಿನಕಾಯಿ. ಖರ್ಚು ಹೆಚ್ಚೇನಿಲ್ಲ. ಗಂಡಸರು ರಾಜಿ ಪಂಚಾಯ್ತಿ ಮಾಡ್ಕಳೋವಾಗ ಮಾಡ್ಕಳ್ಲಿ. ಬಾಗಿನ ಕೊಡೋದು ಯಾವತ್ತೂ ಹೆಂಗಸರ ಕೈಯ ಕೆಲ್ಸ, ಅದಕ್ಕೆ ನಾವು ಯಾರನ್ನೂ ಕೇಳ್ಬೇಕಾಗಿಲ್ಲ. ತಗೊಂಡು ಹೋಗಕ್ಕೆ ನಾನು ತಯಾರಿದ್ದೀನಿ, ಜೊತೆಗೆ ಯಾರು ಬರ್ತೀರಿ ಹೇಳಿ. ಆ ಹುಡುಗನಿಗೆ ಒಂದು ಡಬ್ಬಿ ಚಕ್ಕುಲೀನೂ ಇಟ್ಕಂಡು ಹೋಗಣ.